ಮಾಳಿಗೆಯ ಮೇಲಿನ ಆಂಟೆನಾ

ದೂರದ ಸಂಗತಿಯನ್ನು ಮನೆಯಲ್ಲಿದ್ದುಕೊಂಡೇ ಕಾಣಬೇಕೆಂಬ ಹಂಬಲ ಮನುಷ್ಯನಿಗೆ ಹೊಸದಲ್ಲ. ಕುರುಕ್ಷೇತ್ರದ ಯುದ್ಧವನ್ನು ಅರಮನೆಯಲ್ಲಿ ಕುಳಿತಿದ್ದ ಧೃತರಾಷ್ಟ್ರನಿಗೆ ಸಂಜಯನು ಬಣ್ಣಿಸಿದ ಕಥೆ ಎಲ್ಲರಿಗೂ ಪರಿಚಿತವಾದುದು. ಸಂಜಯನಿಗೆ ದಿವ್ಯದೃಷ್ಟಿಯು ವ್ಯಾಸರ ವರದಿಂದ ಬಂದಿತು. ಇಪ್ಪತ್ತನೆಯ ಶತಮಾನದ ಹಳ್ಳಿಗನಿಗೆ ಅದು ಮಾಳಿಗೆಯ ಮೇಲೆ ನಿಲ್ಲಿಸಿದ ಕೆಲವು ಅಲ್ಯೂಮಿನಿಯಂ ಕೊಳವೆಗಳಿಂದ ಬಂದಿತು. ವರ ಪಡೆದವನು ಏನನ್ನೂ ಕಲಿಯಬೇಕಾಗಿರಲಿಲ್ಲ; ಕೊಳವೆಗಳನ್ನು ನಿಲ್ಲಿಸುವವನು ಮಾತ್ರ ದಿಕ್ಕು, ದೂರ, ಎತ್ತರ, ಅಳತೆ, ಅಪಾಯ ಇವೆಲ್ಲವನ್ನೂ ತಿಳಿದಿರಬೇಕಾಗಿತ್ತು. ಆ ತಿಳಿವಳಿಕೆಯ ಕಥೆಯೇ ಈ ಪಾಠದ ವಸ್ತು.

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು. ಈಗ ಹಾವೇರಿ ಜಿಲ್ಲೆಯಲ್ಲಿವೆ. ಹಾನಗಲ್ಲಿನಲ್ಲಿ ತಾರಕೇಶ್ವರ ದೇವಾಲಯವಿದೆ. ಶಿಗ್ಗಾವಿ ತಾಲೂಕಿನಲ್ಲಿ ಕನಕದಾಸರ ಬಾಡವೂ ಶರೀಫ ಸಾಹೇಬರ ಶಿಶುನಾಳವೂ ಇವೆ. ಸವಣೂರು ನವಾಬರ ಊರು. ಭಾರಿ ಗಾತ್ರದ ದೊಡ್ಡಹುಣಸೆ ಮರಗಳ ಊರು. ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳು ಸರ್ವಜ್ಞನ ಹೆಸರಿನೊಡನೆ ಬೆಸೆದುಕೊಂಡಿವೆ. ಪಡುವಣದಲ್ಲಿ ಮಲೆನಾಡಿನ ಸೆರಗು, ಮೂಡಣದಲ್ಲಿ ಬಯಲುನಾಡಿನ ಎರೆಹೊಲ. ಒಂದೆಡೆ ಹಂಚಿನ ಮನೆಗಳು, ಇನ್ನೊಂದೆಡೆ ಮಣ್ಣಿನ ಮಾಳಿಗೆಗಳು. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಕೇಂದ್ರ ಆರಂಭವಾದಾಗ ಈ ನಾಡಿನ ಜನರಿಗೆ ದೂರದ ದನಿ ಹತ್ತಿರವಾಯಿತು. ದೂರದ ಚಿತ್ರಕ್ಕಾಗಿ ಅವರು ಇನ್ನೂ ಮೂರು ದಶಕಗಳಿಗಿಂತ ಹೆಚ್ಚು ಕಾಲ ಕಾಯಬೇಕಾಯಿತು.

ಭಾರತದಲ್ಲಿ ದೂರದರ್ಶನದ ಪ್ರಯೋಗ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಮೊದಲಾಯಿತು. ಕರ್ನಾಟಕದ ಹಳ್ಳಿಗರು ಅದನ್ನು ಮೊದಲು ಕಂಡದ್ದು 1975ರಲ್ಲಿ. ಆ ವರ್ಷದ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಬಿತ್ತರಿಸಲಾಯಿತು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ, ಸುಮಾರು ಮೂರು ಮೀಟರ್ ಅಗಲದ ಬೋಗುಣಿಯಾಕಾರದ ಆಂಟೆನಾಗಳು ಆ ಊರುಗಳಲ್ಲಿ ಎದ್ದು ನಿಂತವು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂದಿತು. 1981ರ ನವೆಂಬರ್ 1ರಂದು ಬೆಂಗಳೂರು ಕೇಂದ್ರ ಆರಂಭವಾಯಿತು. ಆದರೆ ಬೆಂಗಳೂರಿನ ಅಲೆಗಳು ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಹಾನಗಲ್ಲನ್ನು ಮುಟ್ಟುವಂತಿರಲಿಲ್ಲ. 1983ರಲ್ಲಿ ಇನ್‌ಸ್ಯಾಟ್-1ಬಿ ಉಪಗ್ರಹ ಮೇಲೇರಿದ ಬಳಿಕ, 1984ರಿಂದ ದೇಶದ ತುಂಬ ಮರುಪ್ರಸಾರ ಕೇಂದ್ರಗಳು ತಲೆಯೆತ್ತಿದವು. ಧಾರವಾಡದ ಕೇಂದ್ರವೂ ಈ ವಿಸ್ತರಣೆಯ ಫಲವೇ. ಆರಂಭದ ವರ್ಷಗಳಲ್ಲಿ ಇಂಥ ಕೇಂದ್ರಗಳಲ್ಲಿ ಹೆಚ್ಚಿನವು ದೆಹಲಿಯ ಕಾರ್ಯಕ್ರಮಗಳನ್ನೇ ಬಿತ್ತರಿಸುತ್ತಿದ್ದವು. ಭಾಷೆ ಹಿಂದಿಯಾದರೂ ಜನ ಬೇಸರಪಡಲಿಲ್ಲ. 1987ರಲ್ಲಿ ರಾಮಾಯಣ ಧಾರಾವಾಹಿ ಬಂದಾಗ ಭಾನುವಾರದ ಬೆಳಿಗ್ಗೆ ದೂರದರ್ಶನವಿದ್ದ ಮನೆಯ ಪಡಸಾಲೆ ಓಣಿಯ ಮಂದಿಯಿಂದ ತುಂಬಿಹೋಗುತ್ತಿತ್ತು. ಅಂಥ ದಿನ ಚಿತ್ರ ಕೈಕೊಟ್ಟರೆ ಮನೆಯ ಯಜಮಾನನ ಪಾಡು ಹೇಳತೀರದು.

ಚಿತ್ರ ಒಂದೂರಿನಲ್ಲಿ ಸ್ಪಷ್ಟವಾಗಿ, ಮತ್ತೊಂದೂರಿನಲ್ಲಿ ಮಸುಕಾಗಿ ಬರುವುದಕ್ಕೆ ಕಾರಣವೇನು? ದೂರದರ್ಶನದ ಅಲೆಗಳು ಬೆಳಕಿನಂತೆ ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಭೂಮಿಯಾದರೋ ಗುಂಡಗಿದೆ. ಆದಕಾರಣ ಪ್ರಸಾರ ಗೋಪುರದಿಂದ ಹೊರಟ ಅಲೆ ಸ್ವಲ್ಪ ದೂರ ಸಾಗಿದ ಮೇಲೆ ನೆಲವನ್ನು ಬಿಟ್ಟು ಮೇಲಕ್ಕೆ ಹೊರಟುಹೋಗುತ್ತದೆ. ಈ ದೂರವನ್ನು ಲೆಕ್ಕಹಾಕಲು ಸುಲಭವಾದ ಸೂತ್ರವೊಂದುಂಟು. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ಬರುವುದೇ ಕಿಲೋಮೀಟರಿನಲ್ಲಿ ಅಲೆಯ ದಿಗಂತ. 100 ಮೀಟರ್ ಎತ್ತರದ ಗೋಪುರದ ದಿಗಂತ 41 ಕಿಲೋಮೀಟರ್. ನೋಡುಗನ ಆಂಟೆನಾಕ್ಕೂ ತನ್ನದೇ ಆದ ದಿಗಂತವಿದೆ: 4 ಮೀಟರ್ ಎತ್ತರದಲ್ಲಿ ಅದು ಸುಮಾರು 8, 9 ಮೀಟರಿನಲ್ಲಿ ಸುಮಾರು 12, 16 ಮೀಟರಿನಲ್ಲಿ ಸುಮಾರು 16 ಕಿಲೋಮೀಟರ್. ಎರಡನ್ನೂ ಕೂಡಿಸಿದರೆ ಅಲೆ ಅಡೆತಡೆಯಿಲ್ಲದೆ ತಲುಪಬಲ್ಲ ದೂರ ದೊರೆಯುತ್ತದೆ. ಆಂಟೆನಾದ ಎತ್ತರವನ್ನು ನಾಲ್ಕು ಪಟ್ಟು ಹೆಚ್ಚಿಸಿದರೂ ಅದರ ದಿಗಂತ ಎರಡು ಪಟ್ಟು ಮಾತ್ರ ಬೆಳೆಯುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಭೂಪಟದ ಮೇಲೆ ಗೆರೆ ಎಳೆದು ನೋಡಿದರೆ ಧಾರವಾಡದಿಂದ ಶಿಗ್ಗಾವಿಗೆ ಸುಮಾರು 57, ಸವಣೂರಿಗೆ 65, ಹಾನಗಲ್ಲಿಗೆ 79, ಹಿರೇಕೆರೂರಿಗೆ 118 ಕಿಲೋಮೀಟರ್ ನೇರದೂರವಾಗುತ್ತದೆ. ಧಾರವಾಡದ ನೆಲ ಈ ಊರುಗಳ ನೆಲಕ್ಕಿಂತ ಎತ್ತರದಲ್ಲಿರುವುದರಿಂದ ಅಲ್ಲಿನ ಗೋಪುರಕ್ಕೆ ಸ್ವಲ್ಪ ಅನುಕೂಲವಿತ್ತೆಂಬುದು ನಿಜ. ಆದರೂ ಶಿಗ್ಗಾವಿಯಲ್ಲಿ ಸುಲಭವಾದುದು ಹಾನಗಲ್ಲಿನಲ್ಲಿ ಪ್ರಯಾಸವಾಗುತ್ತಿತ್ತು. ಹಿರೇಕೆರೂರಿನಲ್ಲಿ ಧಾರವಾಡದ ಆಸೆಯನ್ನೇ ಬಿಡಬೇಕಾಗಿತ್ತು. ಹಿರೇಕೆರೂರಿಗೆ ದಾವಣಗೆರೆ 57, ಶಿವಮೊಗ್ಗ 62 ಕಿಲೋಮೀಟರ್. ಜಿಲ್ಲಾಕೇಂದ್ರವಾಗಿದ್ದ ಧಾರವಾಡಕ್ಕಿಂತ ಇವೇ ಹತ್ತಿರ. ಅಲೆಗೆ ಆಡಳಿತದ ಗಡಿ ತಿಳಿಯದು. ಅದಕ್ಕೆ ತಿಳಿದಿರುವುದು ದೂರ ಮತ್ತು ಎತ್ತರ ಮಾತ್ರ. ಹತ್ತಿರವಿದ್ದರೆ ಸಾಲದು, ಕೇಂದ್ರ ಬಲವಾಗಿಯೂ ಇರಬೇಕು. 100 ವಾಟ್ ಶಕ್ತಿಯ ಸಣ್ಣ ಕೇಂದ್ರದ ಅಲೆ ಹದಿನೈದು ಇಪ್ಪತ್ತು ಕಿಲೋಮೀಟರ್ ಆಚೆ ಸೊರಗಿಹೋಗುತ್ತದೆ. ಆದ್ದರಿಂದ ಆಂಟೆನಾ ಕೊಳ್ಳುವ ಮೊದಲು ಯಾವ ಕೇಂದ್ರ, ಯಾವ ದಿಕ್ಕಿನಲ್ಲಿ, ಎಷ್ಟು ಶಕ್ತಿಯಿಂದ, ಯಾವ ಚಾನೆಲ್ಲಿನಲ್ಲಿ ಬಿತ್ತರಿಸುತ್ತಿದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಜಾಣತನವಾಗಿತ್ತು.

ಮನೆಮನೆಯ ಮೇಲೆ ಕಾಣುತ್ತಿದ್ದ, ಬಾಚಣಿಗೆಯನ್ನು ಹೋಲುವ ಆಂಟೆನಾಕ್ಕೆ ಯಾಗಿ-ಉದಾ ಆಂಟೆನಾ ಎಂದು ಹೆಸರು. ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ ಎಂಬ ವಿದ್ವಾಂಸರು 1926ರ ಸುಮಾರಿಗೆ ಇದನ್ನು ರೂಪಿಸಿದರು. ಸ್ವದೇಶದಲ್ಲಿ ಅದಕ್ಕೆ ಹೆಚ್ಚಿನ ಮನ್ನಣೆ ದೊರೆಯಲಿಲ್ಲ. ಪಾಶ್ಚಾತ್ಯ ದೇಶಗಳು ಅದರ ಬೆಲೆಯನ್ನರಿತು ಬಳಸಿಕೊಂಡವು. 1942ರಲ್ಲಿ ಜಪಾನೀ ಸೈನ್ಯ ಸಿಂಗಾಪುರವನ್ನು ವಶಪಡಿಸಿಕೊಂಡಾಗ, ಬ್ರಿಟಿಷರ ರೇಡಾರ್ ಯಂತ್ರಕ್ಕೆ ಸಂಬಂಧಿಸಿದ ಟಿಪ್ಪಣಿಗಳಲ್ಲಿ ‘ಯಾಗಿ’ ಎಂಬ ಮಾತು ಮತ್ತೆ ಮತ್ತೆ ಕಂಡಿತಂತೆ. ಅದರ ಅರ್ಥವೇನೆಂದು ಸೆರೆಯಾಳನ್ನು ಕೇಳಿದಾಗ, ಅದು ನಿಮ್ಮದೇ ದೇಶದ ವಿದ್ವಾಂಸನ ಹೆಸರಲ್ಲವೇ ಎಂದು ಅವನು ಬೆರಗಾದನಂತೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕನ್ನಡ ನಾಡಿಗೆ ಮಾತ್ರ ಸಲ್ಲುವುದಲ್ಲವೆಂದು ಇದರಿಂದ ತಿಳಿಯುತ್ತದೆ.

ಈ ಆಂಟೆನಾದ ರಚನೆ ಸರಳವಾದುದು. ಉದ್ದನೆಯ ದಂಡಕ್ಕೆ ಅಡ್ಡಲಾಗಿ ಕೊಳವೆಗಳನ್ನು ಜೋಡಿಸಿರುತ್ತಾರೆ. ಅವುಗಳಲ್ಲಿ ತಂತಿ ಕೂಡಿಸುವ ಕೊಳವೆ ಒಂದೇ, ಅದು ದ್ವಿಧ್ರುವ. ಅದರ ಹಿಂದೆ ತುಸು ಉದ್ದವಾದ ಕೊಳವೆಯೊಂದಿರುತ್ತದೆ. ಅದು ಅಲೆಯನ್ನು ಹಿಂದಿರುಗಿಸುವ ಪ್ರತಿಫಲಕ. ಮುಂದಿರುವ ತುಸು ಗಿಡ್ಡವಾದ ಕೊಳವೆಗಳು ಅಲೆಯನ್ನು ದ್ವಿಧ್ರುವದ ಕಡೆಗೆ ನಡೆಸುವ ನಿರ್ದೇಶಕಗಳು. ದ್ವಿಧ್ರುವದ ಉದ್ದ ತರಂಗದೂರದ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. 300ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಮೀಟರಿನಲ್ಲಿ ಬರುತ್ತದೆ. 4ನೆಯ ಚಾನೆಲ್ಲಿನ ಆವೃತ್ತಿ 61ರಿಂದ 68 ಮೆಗಾಹರ್ಟ್ಸ್. ಅದಕ್ಕೆ ಎರಡು ಮೀಟರಿಗಿಂತ ಉದ್ದದ ಕೊಳವೆ ಬೇಕು. 5ನೆಯ ಚಾನೆಲ್ಲು 174 ಮೆಗಾಹರ್ಟ್ಸ್‌ನಿಂದ ಆರಂಭವಾಗುತ್ತದೆ. ಅದಕ್ಕೆ ಸುಮಾರು 80 ಸೆಂಟಿಮೀಟರ್ ಸಾಕು. ಒಂದರ ಆಂಟೆನಾ ಇನ್ನೊಂದಕ್ಕೆ ಸರಿಹೊಂದದು. ಪರವೂರಿನಿಂದ ಅಗ್ಗಕ್ಕೆ ತಂದ ಆಂಟೆನಾ ಮನೆಯ ಮೇಲೆ ಅಲಂಕಾರಕ್ಕಷ್ಟೇ ನಿಲ್ಲುವ ಸಂಭವವಿದ್ದುದು ಇದರಿಂದಲೇ.

ಕೊಳವೆಗಳು ಹೆಚ್ಚಾದಷ್ಟೂ ಚಿತ್ರ ಚೆನ್ನಾಗುವುದೆಂದು ಅನೇಕರು ಭಾವಿಸಿದ್ದರು. ಇದು ಅರ್ಧಸತ್ಯ. ಕೇಂದ್ರ ಹತ್ತಿರವಿದ್ದವರಿಗೆ ಮೂರು ನಾಲ್ಕು ಕೊಳವೆಗಳು ಸಾಕು. ದೂರವಿದ್ದವರಿಗೆ ಹೆಚ್ಚು ಬೇಕು. ಆದರೆ ಒಂದು ಮಿತಿಯ ಆಚೆ ಸೇರಿಸಿದ ಪ್ರತಿಯೊಂದು ಕೊಳವೆಯಿಂದ ದೊರೆಯುವ ಲಾಭ ಕಡಿಮೆಯಾಗುತ್ತ ಹೋಗುತ್ತದೆ. ಭಾರ ಮತ್ತು ಗಾಳಿಯ ಹೊಡೆತ ಮಾತ್ರ ಹೆಚ್ಚುತ್ತವೆ. ಬೂಸ್ಟರಿನ ವಿಷಯವೂ ಹೀಗೆಯೇ. ಬೂಸ್ಟರು ಬಂದ ಅಲೆಯನ್ನು ಹಿಗ್ಗಿಸಬಲ್ಲುದೇ ಹೊರತು ಬಾರದ ಅಲೆಯನ್ನು ತಂದುಕೊಡಲಾರದು. ದುರ್ಬಲ ಅಲೆಯೊಡನೆ ಬೆರೆತ ಗೊಂದಲವನ್ನೂ ಅದು ಅಷ್ಟೇ ಹಿಗ್ಗಿಸುತ್ತದೆ; ಆಗ ಪರದೆಯ ಮೇಲೆ ಅಕ್ಕಿ ಚೆಲ್ಲಿದಂತೆ ಬಿಳಿಯ ಚುಕ್ಕೆಗಳು ಕುಣಿಯುತ್ತವೆ. ಅಂಥ ಕಡೆ ಬೂಸ್ಟರಿಗೆ ಸುರಿಯುವ ಹಣವನ್ನು ಕಂಬದ ಎತ್ತರಕ್ಕೆ, ಒಳ್ಳೆಯ ಕೇಬಲ್ಲಿಗೆ ವೆಚ್ಚಮಾಡುವುದು ಮೇಲು.

ಆಂಟೆನಾ ಆರಿಸಿದ ಮೇಲೆ ಅದನ್ನು ನಿಲ್ಲಿಸುವ ಕೆಲಸ. ಸವಣೂರಿನ ಕಡೆಯ ಮಣ್ಣಿನ ಮಾಳಿಗೆಯಲ್ಲಿ ಕುಳಿ ತೋಡಿ ಕಂಬ ನೆಟ್ಟರೆ ಮಳೆಗಾಲದಲ್ಲಿ ಆ ಕುಳಿಯ ಮೂಲಕವೇ ಮನೆ ಸೋರತೊಡಗುತ್ತದೆ. ಆದ್ದರಿಂದ ಕಂಬವನ್ನು ಹೊರಗೋಡೆಗೆ ಕಬ್ಬಿಣದ ಪಟ್ಟಿಗಳಿಂದ ಎರಡು ಕಡೆ ಬಿಗಿಯುವುದು ಕ್ಷೇಮ. ಹಾನಗಲ್ಲಿನ ಕಡೆಯ ಹಂಚಿನ ಮನೆಯಲ್ಲಿ ಹಂಚಿನ ಮೇಲೆ ಭಾರ ಹಾಕುವಂತಿಲ್ಲ. ಕಂಬವನ್ನು ನೆಲದಲ್ಲೇ ನೆಟ್ಟು ಗೋಡೆಗೆ ಆನಿಸಿ ಕಟ್ಟಬೇಕು. ಕಬ್ಬಿಣದ ಕೊಳವೆ ಕೊಳ್ಳಲಾರದವರಿಗೆ ಬಿದಿರಿನ ಗಳವೇ ಆಸರೆ. ಆದರೆ ಮಳೆಬಿಸಿಲಿಗೆ ಬಿದಿರು ಬೇಗ ಸೀಳುವುದರಿಂದ ಪ್ರತಿವರ್ಷ ಅದನ್ನು ಪರೀಕ್ಷಿಸುವುದು ಅವಶ್ಯಕ. ಎತ್ತರದ ಕಂಬಕ್ಕೆ ಮೂರು ದಿಕ್ಕಿಗೆ ತಂತಿ ಎಳೆದು ಕಟ್ಟಬೇಕು. ಕೊಳವೆಗಳು ನೆಲಕ್ಕೆ ಸಮಾನಾಂತರವಾಗಿ ಮಲಗಿರಬೇಕು. ಗಿಡ್ಡ ಕೊಳವೆಗಳ ತುದಿ ಕೇಂದ್ರದ ಕಡೆಗೆ ಮುಖಮಾಡಿರಬೇಕು. ಹಾನಗಲ್ಲಿನಲ್ಲಿ ಧಾರವಾಡಕ್ಕೆ ಆಂಟೆನಾ ತಿರುಗಿಸುವವರಿಗೆ ಬಡಗಣ ದಿಕ್ಕೇ ಗುರಿ.

ತಿರುಗಿಸುವ ಕೆಲಸಕ್ಕೆ ಮನೆಮಂದಿಯೆಲ್ಲ ಬೇಕಾಗುತ್ತಿತ್ತು. ಮಾಳಿಗೆಯ ಮೇಲಿನ ಹುಡುಗ “ಬಂತೇನಬೇ ಅವ್ವಾ?” ಎಂದು ಕೂಗುವುದು, ಅಂಗಳದಲ್ಲಿ ನಿಂತವರು ಆ ಮಾತನ್ನು ಒಳಗೆ ಮುಟ್ಟಿಸುವುದು, ಒಳಗಿನಿಂದ “ಇನ್ನೂ ಬಂದಿಲ್ಲೋ ತಮ್ಮಾ, ಸ್ವಲ್ಪ ಬಲಕ್ಕ ತಿರುವು” ಎಂಬ ಉತ್ತರ ಬರುವುದು ಆ ದಿನಗಳ ನಿತ್ಯದ ನೋಟ. ಕೆಲವೊಮ್ಮೆ ಒಂದು ಮುಖದ ಬದಿಗೆ ಇನ್ನೊಂದು ಮಸುಕಾದ ಮುಖ ಮೂಡುತ್ತಿತ್ತು. ಅದು ಗುಡ್ಡಕ್ಕೋ ದೊಡ್ಡ ಕಟ್ಟಡಕ್ಕೋ ಬಡಿದು ತಡವಾಗಿ ಬಂದ ಅಲೆಯ ನೆರಳು. 300 ಮೀಟರ್ ಹೆಚ್ಚು ದಾರಿ ನಡೆದ ಅಲೆ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ತಡವಾಗುತ್ತದೆ. ಅಷ್ಟರಲ್ಲಿ 40 ಸೆಂಟಿಮೀಟರ್ ಅಗಲದ ಪರದೆಯ ಮೇಲೆ ಚಿತ್ರ ಬರೆಯುವ ಕಿರಣ ಸುಮಾರು 8 ಮಿಲಿಮೀಟರ್ ಮುಂದೆ ಹೋಗಿರುತ್ತದೆ. ನೆರಳು ಅಷ್ಟು ದೂರದಲ್ಲಿ ಬೀಳುತ್ತದೆ. ಆಂಟೆನಾವನ್ನು ತುಸುವೇ ತಿರುಗಿಸಿ ಆ ತಡವಾದ ಅಲೆಗೆ ಬೆನ್ನು ಮಾಡುವುದೇ ಇದಕ್ಕೆ ಪರಿಹಾರ.

ಕೇಬಲ್ಲನ್ನೂ ಅಲಕ್ಷಿಸುವಂತಿಲ್ಲ. ಚಪ್ಪಟೆಯ ಜೋಡಿತಂತಿ ಅಗ್ಗವಾದರೂ ಲೋಹದ ಕಂಬಕ್ಕೆ, ತೊಯ್ದ ಗೋಡೆಗೆ ತಾಗಿದರೆ ಚಿತ್ರವನ್ನು ಕೆಡಿಸುತ್ತದೆ. ಹೊದಿಕೆಯುಳ್ಳ ದುಂಡನೆಯ ಕೇಬಲ್ಲು ಮಳೆಯ ಸೀಮೆಗೆ ತಕ್ಕುದು. ಕಿಟಕಿಯೊಳಗೆ ಸೇರುವ ಮುನ್ನ ಕೇಬಲ್ಲನ್ನು ಕೆಳಕ್ಕೆ ಬಾಗಿಸಿ ಬಿಟ್ಟರೆ ಮಳೆಯ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ, ಮನೆಯೊಳಗೆ ಇಳಿಯದು.

ಇವೆಲ್ಲಕ್ಕಿಂತ ಮುಖ್ಯವಾದುದು ಜೀವದ ಮಾತು. ಕೆಟ್ಟ ಚಿತ್ರವನ್ನು ನಾಳೆ ಸರಿಪಡಿಸಬಹುದು. ಹೋದ ಜೀವವನ್ನು ಮರಳಿ ತರಲಾಗದು. ಕೈಯಲ್ಲಿ ಹಿಡಿದ ಲೋಹದ ಕಂಬ ವಾಲಿ ವಿದ್ಯುತ್ ತಂತಿಗೆ ತಗುಲಿದರೆ ಹಿಡಿದವನು ಬದುಕುವುದು ದುರ್ಲಭ. ಆದ್ದರಿಂದ ಕಂಬ ಮತ್ತು ಆಂಟೆನಾಗಳ ಒಟ್ಟು ಉದ್ದಕ್ಕಿಂತ ಹೆಚ್ಚು ಅಂತರದಲ್ಲಿ ವಿದ್ಯುತ್ ತಂತಿ ಇರಬೇಕು. ಕಂಬ ಯಾವ ಕಡೆಗೆ ಬಿದ್ದರೂ ತಂತಿಯನ್ನು ಮುಟ್ಟಬಾರದು. ಒಬ್ಬಂಟಿಯಾಗಿ, ಗಾಳಿಯ ದಿನ, ತೊಯ್ದ ಹಂಚಿನ ಮೇಲೆ ಈ ಕೆಲಸಕ್ಕೆ ಏರಲಾಗದು. ಏಪ್ರಿಲ್, ಮೇ ತಿಂಗಳ ಅಡ್ಡಮಳೆಗಳು ಗುಡುಗು ಸಿಡಿಲುಗಳೊಡನೆ ಬರುತ್ತವೆ. ಕಂಬವನ್ನು ದಪ್ಪನೆಯ ತಂತಿಯಿಂದ ನೆಲಕ್ಕೆ ಕೂಡಿಸಿರಬೇಕು. ಮೋಡ ಕವಿಯುವ ಮೊದಲೇ ಆಂಟೆನಾದ ಮತ್ತು ವಿದ್ಯುತ್ತಿನ ಸಂಪರ್ಕ ಎರಡನ್ನೂ ಬಿಡಿಸಿಡಬೇಕು. ಸಿಡಿಲು ತಲೆಯ ಮೇಲಿರುವಾಗ ಬಿಡಿಸಹೋಗುವುದು ಅವಿವೇಕ.

ಕಾಲ ಉರುಳಿದಂತೆ ಬಾಚಣಿಗೆಯಾಕಾರದ ಆಂಟೆನಾದ ಕಾಲ ಮುಗಿಯಿತು. ಮೊದಲು ಕೇಬಲ್ ಜಾಲ ಬಂದಿತು. ಆಮೇಲೆ ಸಣ್ಣ ಡಿಶ್‌ಗಳು ಬಂದವು. ನೆಲದ ಮೇಲಿನ ಹಳೆಯ ಪ್ರಸಾರ ಕೇಂದ್ರಗಳನ್ನು, ಆಯಕಟ್ಟಿನ ಕೆಲವು ಕಡೆಗಳನ್ನು ಬಿಟ್ಟು, 2022ರ ವೇಳೆಗೆ ಪ್ರಸಾರ ಭಾರತಿ ಹಂತಹಂತವಾಗಿ ಮುಚ್ಚಿತು. 2004ರ ಡಿಸೆಂಬರಿನಲ್ಲಿ ಆರಂಭವಾದ ದೂರದರ್ಶನದ ಉಚಿತ ಡಿಶ್ ಸೇವೆ ಅವುಗಳ ಸ್ಥಾನವನ್ನು ತುಂಬಿದೆ. ಇದಕ್ಕೆ ಒಮ್ಮೆ ಉಪಕರಣ ಕೊಂಡರೆ ಸಾಕು, ತಿಂಗಳ ಬಾಡಿಗೆಯಿಲ್ಲ. ಕಾರ್ಯಕ್ರಮಗಳನ್ನು ಕಳುಹಿಸುವ ಜಿಸ್ಯಾಟ್-15 ಉಪಗ್ರಹ ಸಮಭಾಜಕ ವೃತ್ತದ ಮೇಲೆ, ಪೂರ್ವ ರೇಖಾಂಶ 93.5 ಅಂಶದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಈ ನಾಲ್ಕು ತಾಲೂಕುಗಳಿಂದ ಲೆಕ್ಕಹಾಕಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 63 ಅಂಶ ಮೇಲಕ್ಕಿರುತ್ತದೆ. ಅಂದು ಬಡಗಣಕ್ಕೆ ನೋಡುತ್ತಿದ್ದ ಮನೆಗಳು ಇಂದು ಆಗ್ನೇಯಕ್ಕೆ ನೋಡುತ್ತಿವೆ. ದಿಗಂತದ ತೊಡಕು ಈಗಿಲ್ಲ. ಶಿಗ್ಗಾವಿಗೂ ಹಿರೇಕೆರೂರಿಗೂ ಉಪಗ್ರಹದ ದೂರ ಒಂದೇ ಎನ್ನಬಹುದು. ಆದರೂ ಆಗ್ನೇಯಕ್ಕೆ ತೆಂಗಿನ ಗರಿ ಅಡ್ಡವಾಗಬಾರದು, ಕಂಬ ಅಲುಗಬಾರದು, ವಿದ್ಯುತ್ ತಂತಿ ಹತ್ತಿರವಿರಬಾರದು ಎಂಬ ಹಳೆಯ ನಿಯಮಗಳು ಹಾಗೆಯೇ ಉಳಿದಿವೆ. ದಟ್ಟವಾದ ಮಳೆ ಈ ಅಲೆಗಳನ್ನೂ ಸೊರಗಿಸುತ್ತದೆ.

ಈ ತಿಳಿವಳಿಕೆ ಬರಿಯ ವಿನೋದಕ್ಕಲ್ಲವೆಂಬುದು 2020ರಲ್ಲಿ ಸ್ಪಷ್ಟವಾಯಿತು. ಕೊರೋನಾ ರೋಗದಿಂದಾಗಿ ಶಾಲೆಗಳು ಮುಚ್ಚಿದ್ದವು. ಮೊಬೈಲ್ ಫೋನು ಕೊಳ್ಳಲಾರದ ಮನೆಯ ಮಕ್ಕಳಿಗೆ ಪಾಠ ದೊರೆಯುವ ಬಗೆ ಹೇಗೆಂಬ ಚಿಂತೆ ಹುಟ್ಟಿತು. ಆ ವರ್ಷದ ಜುಲೈ ತಿಂಗಳಿನಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಗಳಿಗಾಗಿ ‘ಸಂವೇದ’ ಎಂಬ ಹೆಸರಿನಲ್ಲಿ ಚಂದನ ವಾಹಿನಿಯ ಮೂಲಕ ಪಾಠಗಳನ್ನು ಬಿತ್ತರಿಸುವ ಏರ್ಪಾಡು ಆರಂಭವಾಯಿತು. ಅಂದು ಮಾಳಿಗೆಯ ಮೇಲಿನ ಡಿಶ್ ಸರಿಯಾಗಿದ್ದ ಮನೆಗೆ ಶಾಲೆಯೇ ನಡೆದುಬಂದಿತು. ಗಾಳಿಗೆ ದಿಕ್ಕು ತಪ್ಪಿದ ಡಿಶ್ಶಿನ ಮನೆಯಲ್ಲಿ ಪರದೆ ಬರಿದಾಗಿ ಉಳಿಯಿತು. ಇಬ್ಬರು ಮಕ್ಕಳ ಕಲಿಕೆಯ ನಡುವಿನ ಅಂತರ ಕೆಲವೇ ಅಂಶಗಳ ತಿರುವಾಗಿರಬಹುದಾಗಿತ್ತು.

ಉಪಕರಣಗಳು ಬದಲಾಗುತ್ತವೆ. ಯಾಗಿಯ ಕೊಳವೆಗಳು ಹೋದವು. ಡಿಶ್ ಸಹ ಒಂದು ದಿನ ಹೋಗಬಹುದು. ಆದರೆ ಕೊಳ್ಳುವ ಮೊದಲು ವಿಚಾರಿಸುವುದು, ಬೆಲೆಗಿಂತ ತನ್ನೂರಿನ ನೆಲ, ದೂರ, ಗಾಳಿ, ಮಳೆಗಳನ್ನು ಮುಖ್ಯವೆಂದು ಎಣಿಸುವುದು, ಏರುವ ಮೊದಲು ಅಪಾಯವನ್ನು ಅಳೆಯುವುದು ಇವು ಹಳತಾಗುವುದಿಲ್ಲ. ಅಲೆಗಳು ಬಡವ ಬಲ್ಲಿದನೆಂಬ ಭೇದವಿಲ್ಲದೆ ಎಲ್ಲರ ಮನೆಯ ಮೇಲೂ ಹಾಯುತ್ತವೆ. ಅವುಗಳನ್ನು ಒಳಗೆ ಕರೆತರಲು ಅಷ್ಟಿಷ್ಟು ಹಣದೊಡನೆ ಒಂದಿಷ್ಟು ಲೆಕ್ಕ, ಒಂದಿಷ್ಟು ಎಚ್ಚರ ಬೇಕು. ಲೆಕ್ಕವನ್ನೂ ಎಚ್ಚರವನ್ನೂ ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲ. ಅವನ್ನು ಕಲಿತೇ ಪಡೆಯಬೇಕು.

ಅಭ್ಯಾಸ

1. 100 ಮೀಟರ್ ಎತ್ತರದ ಗೋಪುರದ ಅಲೆಯನ್ನು 53 ಕಿಲೋಮೀಟರ್ ದೂರದಲ್ಲಿ ಅಡೆತಡೆಯಿಲ್ಲದೆ ಪಡೆಯಲು ಆಂಟೆನಾ ಸುಮಾರು ಎಷ್ಟು ಎತ್ತರದಲ್ಲಿರಬೇಕು?
2. ಹಿರೇಕೆರೂರಿನವರು ಧಾರವಾಡದ ಆಸೆಯನ್ನು ಬಿಡಬೇಕಾಗಿದ್ದುದು ಏಕೆ?
3. “ಬೂಸ್ಟರು ಬಾರದ ಅಲೆಯನ್ನು ತಂದುಕೊಡಲಾರದು.” ಈ ಮಾತನ್ನು ವಿವರಿಸಿರಿ.
4. ಮಣ್ಣಿನ ಮಾಳಿಗೆ ಮತ್ತು ಹಂಚಿನ ಮನೆಗಳಲ್ಲಿ ಕಂಬ ನಿಲ್ಲಿಸುವ ಕ್ರಮದಲ್ಲಿರುವ ವ್ಯತ್ಯಾಸವೇನು?
5. ನಿಮ್ಮ ಮನೆಯ ಸಮೀಪದ ವಿದ್ಯುತ್ ತಂತಿ, ಮರ, ಮಾಡುಗಳನ್ನು ಕೆಳಗೆ ನಿಂತೇ ಗಮನಿಸಿ, ಡಿಶ್ ನಿಲ್ಲಿಸಲು ತಕ್ಕ ಜಾಗ ಯಾವುದೆಂಬುದನ್ನು ಕಾರಣಸಹಿತ ಬರೆಯಿರಿ.